ಕನ್ನಂಬಾಡಿಗೆ ಗೆರೆ, ಬಿಳಿಗುಂಡ್ಲುವಿಗೆ ಕಂಬ

ಮುಂಗಾರು ಕಾಲಿಟ್ಟ ಕೂಡಲೇ ಕನ್ನಡ ಪತ್ರಿಕೆಗಳ ಒಳಪುಟದಲ್ಲಿ ಒಂದು ಪುಟ್ಟ ಚೌಕ ಹಾಜರಾಗುತ್ತದೆ: ಜಲಾಶಯಗಳ ನೀರಿನ ಮಟ್ಟ. ಜಲಾಶಯದ ಹೆಸರು, ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಪಕ್ಕದಲ್ಲೇ ಕಳೆದ ವರ್ಷ ಇದೇ ದಿನ ಎಷ್ಟಿತ್ತು ಎಂಬ ಅಂಕಿ. ಮಂಡ್ಯದ ಓದುಗನ ಕಣ್ಣು ನೇರವಾಗಿ ಕೆಆರ್‌ಎಸ್ ಸಾಲಿಗೆ ಇಳಿಯುತ್ತದೆ, ಗಂಗಾವತಿಯವನದು ತುಂಗಭದ್ರೆಗೆ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಆತ ಹೋಲಿಕೆಗಳನ್ನು ಮಾಡಿ ಮುಗಿಸಿರುತ್ತಾನೆ. ತುಂಬಲು ಇನ್ನೆಷ್ಟು ಬೇಕು? ನಿನ್ನೆಗಿಂತ ಏರಿತೇ? ಹೋದ ವರ್ಷಕ್ಕಿಂತ ಮೇಲೋ ಕೆಳಗೋ?

ಇದೇ ಅಂಕಿಗಳನ್ನು ಕಂಪ್ಯೂಟರಿನ ಸ್ಪ್ರೆಡ್‌ಶೀಟ್‌ಗೆ ತುಂಬಿ ಚಾರ್ಟ್ ಗುಂಡಿ ಒತ್ತಿದರೆ ಗೊಂದಲ ಶುರು. ಎಕ್ಸೆಲ್ ಆಗಲಿ, ಗೂಗಲ್ ಶೀಟ್ಸ್ ಆಗಲಿ, ಲಿಬ್ರೆ ಆಫೀಸಿನ ಕ್ಯಾಲ್ಕ್ ಆಗಲಿ, ಕಂಬ, ಅಡ್ಡಪಟ್ಟಿ, ಗೆರೆ, ಪೈ, ಡೋನಟ್, ಏರಿಯಾ, ಸ್ಕ್ಯಾಟರ್, ರಾಡಾರ್ ಎಂದು ಸಾಲುಸಾಲು ಚಿತ್ರಗಳನ್ನು ಮುಂದಿಡುತ್ತವೆ. ಒಂದೊಂದಕ್ಕೂ ನಾಲ್ಕಾರು ಅವತಾರ. ಹೆಚ್ಚಿನವರು ನೋಡಲು ಚೆನ್ನಾಗಿರುವುದನ್ನು ಆರಿಸುತ್ತಾರೆ, ಉಳಿದವರು ತಂತ್ರಾಂಶ ಶಿಫಾರಸು ಮಾಡಿದ್ದನ್ನು. ತಂತ್ರಾಂಶಕ್ಕೆ ಕಾಣುವುದು ಅಂಕಿಗಳು ಕೂತಿರುವ ರೀತಿ ಮಾತ್ರ. ಯಾವುದನ್ನು ಯಾವುದರೊಡನೆ ಹೋಲಿಸಬೇಕು ಎಂಬ ನಿಮ್ಮ ಪ್ರಶ್ನೆ ಅದಕ್ಕೆ ತಿಳಿಯದು. ಪತ್ರಿಕೆಯ ಚೌಕವನ್ನು ರೂಪಿಸಿದ ಉಪಸಂಪಾದಕರಿಗೆ ಆ ಪ್ರಶ್ನೆ ತಿಳಿದಿತ್ತು. ‘ಕಳೆದ ವರ್ಷ ಇದೇ ದಿನ’ ಎಂಬ ಒಂದು ಕಾಲಂ ಸೇರಿಸಿದ್ದೇ ಅದಕ್ಕೆ ಸಾಕ್ಷಿ.

ಕಾಲವನ್ನು ಎಡದಿಂದ ಬಲಕ್ಕೆ ಹರಿಯುವ ಗೆರೆಯಾಗಿ ಬರೆದು ಹಣದ ಲೆಕ್ಕ ತೋರಿಸಿದ ಕೀರ್ತಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್‌ಗೆ ಸಲ್ಲುತ್ತದೆ. ಉಗಿಯಂತ್ರದ ಜೇಮ್ಸ್ ವಾಟ್ ಬಳಿ ನಕ್ಷೆಗಾರನಾಗಿ ದುಡಿದವನು. 1786ರಲ್ಲಿ ಆತ ಹೊರತಂದ ವಾಣಿಜ್ಯ ಅಟ್ಲಾಸ್‌ನಲ್ಲಿ 44 ನಕ್ಷೆಗಳಿದ್ದವು, ಅವುಗಳಲ್ಲಿ 43 ಕಾಲದ ಓಟ ತೋರಿಸುವಂಥವು. ಉಳಿದ ಒಂದರಲ್ಲಿ ಸ್ಕಾಟ್ಲೆಂಡಿನ ವ್ಯಾಪಾರ, ದೇಶವಾರು ಪಟ್ಟಿಗಳಾಗಿ. ಅದಕ್ಕೆ ಗೆರೆ ಎಳೆಯೋಣವೆಂದರೆ ಒಂದೇ ವರ್ಷದ ಅಂಕಿ ಕೈಯಲ್ಲಿತ್ತು, ಹಾಗಾಗಿ ಪಟ್ಟಿ ಬರೆದ. ಅದು ಕಾಲವನ್ನು ಹೇಳುವುದಿಲ್ಲವಲ್ಲ ಎಂದು ಸ್ವತಃ ಆತನಿಗೇ ಅಸಮಾಧಾನವಿತ್ತು. ಇವತ್ತು ಎಲ್ಲ ಕಚೇರಿಗಳ ಪವರ್‌ಪಾಯಿಂಟ್‌ನಲ್ಲೂ ರಾರಾಜಿಸುವ ಬಾರ್ ಚಾರ್ಟ್ ಹುಟ್ಟಿದ್ದು ಹೀಗೆ, ಅಂಕಿಗಳ ಬರಗಾಲದಲ್ಲಿ. ಪೈ ಚಾರ್ಟ್ ಕೂಡ ಅವನದೇ, 1801ರದು.

ಗೆರೆಯೋ ಕಂಬವೋ ಎಂದು ತೀರ್ಮಾನಿಸುವ ಮುನ್ನ ಕೇಳಿಕೊಳ್ಳಬೇಕಾದದ್ದು ಒಂದಿದೆ. ನಿಮ್ಮ ಅಂಕಿ ಸಂಗ್ರಹದ್ದೋ, ಹರಿವಿನದೋ? ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್‌ನ ಮಟ್ಟ ಸಂಗ್ರಹ. ಇವತ್ತು ಬೆಳಿಗ್ಗೆ 110 ಅಡಿ ಇದ್ದರೆ, ರಾತ್ರಿಯೂ ಅದರ ಆಸುಪಾಸಿನಲ್ಲೇ ಇರುತ್ತದೆ. ಅಳೆದ ಎರಡು ಗಳಿಗೆಗಳ ನಡುವೆಯೂ ಅದಕ್ಕೆ ಒಂದು ಬೆಲೆ ಇದ್ದೇ ಇದೆ. ಎರಡು ಚುಕ್ಕಿಗಳನ್ನು ಗೆರೆಯಿಂದ ಜೋಡಿಸಿದರೆ ನಡುವಿನ ಗೆರೆಗೂ ಅರ್ಥವಿರುತ್ತದೆ. ಅಡಿಕೆ ಧಾರಣೆ, ಬ್ಯಾಂಕ್ ಖಾತೆಯ ಬಾಕಿ, ಮಗುವಿನ ತೂಕ ಎಲ್ಲವೂ ಈ ಜಾತಿಗೆ ಸೇರಿದವು.

ಹರಿವು ಬೇರೆ. ಕಾವೇರಿ ತೀರ್ಪಿನ ಪ್ರಕಾರ ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆದು ಬಿಡಬೇಕಾದ ನೀರನ್ನೇ ತೆಗೆದುಕೊಳ್ಳಿ. 2018ರಲ್ಲಿ ಸುಪ್ರೀಂ ಕೋರ್ಟ್ ನಿಗದಿ ಮಾಡಿದ್ದು ವರ್ಷಕ್ಕೆ 177.25 ಟಿಎಂಸಿ (ಶತಕೋಟಿ ಘನ ಅಡಿ). ಅದಕ್ಕೊಂದು ತಿಂಗಳ ಪಟ್ಟಿಯೂ ಇದೆ: ಜೂನ್‌ನಲ್ಲಿ 9.19, ಜುಲೈನಲ್ಲಿ 31.24, ಆಗಸ್ಟ್‌ನಲ್ಲಿ 45.95, ಸೆಪ್ಟೆಂಬರ್‌ನಲ್ಲಿ 36.76, ಅಕ್ಟೋಬರ್‌ನಲ್ಲಿ 20.22, ಹೀಗೆ ಇಳಿಯುತ್ತಾ ಫೆಬ್ರುವರಿಯಿಂದ ಮೇ ತನಕ ತಿಂಗಳಿಗೆ ಬರೀ 2.5. ಈ 45.95 ಎನ್ನುವುದು ಇಡೀ ಆಗಸ್ಟ್ ತಿಂಗಳ ಮೊತ್ತ. ಆಗಸ್ಟ್ 15ರಂದು ಅದರ ಬೆಲೆ ಎಷ್ಟು ಎಂದು ಕೇಳಿದರೆ ಆ ಪ್ರಶ್ನೆಗೇ ಅರ್ಥವಿಲ್ಲ. ತಿಂಗಳಿಗೊಂದು ಕಂಬ ನಿಲ್ಲಿಸಿದರೆ ಲೆಕ್ಕ ನೇರ: ಈ ಅವಧಿಗೆ ಇಷ್ಟು, ಆ ಅವಧಿಗೆ ಅಷ್ಟು. ಮಳೆ, ಡೇರಿಗೆ ಹಾಕಿದ ಹಾಲು, ತಿಂಗಳ ವಿದ್ಯುತ್ ಯೂನಿಟ್, ಅಂಗಡಿಯ ಮಾರಾಟ ಎಲ್ಲಕ್ಕೂ ಇದೇ ದಾರಿ.

ಆದರೆ ಸೆಪ್ಟೆಂಬರ್‌ನಲ್ಲಿ ಜಗಳ ಹತ್ತುವುದು ಬೇರೆ ಪ್ರಶ್ನೆಗೆ: ಇಲ್ಲಿಯವರೆಗೆ ಒಟ್ಟು ಎಷ್ಟು ಬಿಡಬೇಕಿತ್ತು, ಎಷ್ಟು ಬಿಟ್ಟಿದ್ದೇವೆ? ಅದಕ್ಕೆ ಕಂಬಗಳು ಸಾಲವು. ಪಕ್ಕದ ಕಾಲಂನಲ್ಲಿ ಕೂಡುತ್ತಾ ಹೋಗಬೇಕು: ಜೂನ್ ಅಂತ್ಯಕ್ಕೆ 9.19, ಜುಲೈ ಅಂತ್ಯಕ್ಕೆ 40.43, ಆಗಸ್ಟ್ ಅಂತ್ಯಕ್ಕೆ 86.38, ಸೆಪ್ಟೆಂಬರ್ ಅಂತ್ಯಕ್ಕೆ 123.14. ಹೀಗೆ ಕೂಡಿದ ಮೊತ್ತ ಮತ್ತೆ ಸಂಗ್ರಹದ ಜಾತಿಗೆ ಬಂತು, ಗೆರೆ ಎಳೆಯಬಹುದು. ವಾಸ್ತವವಾಗಿ ಹರಿದ ನೀರಿನ ಇನ್ನೊಂದು ಗೆರೆ ಅದರ ಕೆಳಗೆ ಬಿದ್ದರೆ ಬಾಕಿ, ಮೇಲಿದ್ದರೆ ಹೆಚ್ಚುವರಿ. ಒಂದೇ ಪಟ್ಟಿ, ಎರಡು ಪ್ರಶ್ನೆ, ಎರಡು ಚಾರ್ಟು.

ನಿಯಮವನ್ನು ತೀರಾ ಬಿಗಿಯಾಗಿ ಹಿಡಿಯಬೇಕಾಗಿಲ್ಲ. ನೂರು ವರ್ಷದ ಮಳೆಯ ಅಂಕಿಗೆ ನೂರು ಕಂಬ ನೆಟ್ಟರೆ ಕಾಣುವುದು ತಡಿಕೆ ಗೋಡೆ. ಅಲ್ಲಿ ಗೆರೆಯೇ ವಾಸಿ.

ಈಗ ‘ಕಳೆದ ವರ್ಷ ಇದೇ ದಿನ’ದ ಕಥೆಗೆ ಬರೋಣ. ಕೆಆರ್‌ಎಸ್‌ನ ಮೂರು ವರ್ಷಗಳ ದಿನವಹಿ ಮಟ್ಟವನ್ನು ಒಂದರ ಕೆಳಗೊಂದು ತುಂಬಿ ಗೆರೆ ಎಳೆದರೆ ಮೂರು ಗುಡ್ಡಗಳ ಉದ್ದನೆಯ ಸಾಲು ಸಿಗುತ್ತದೆ. ಏರುತ್ತದೆ, ಇಳಿಯುತ್ತದೆ. ಅಣೆಕಟ್ಟು ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಖಾಲಿಯಾಗುತ್ತದೆ ಎಂಬ, ಎಲ್ಲರಿಗೂ ಗೊತ್ತಿರುವ ಸಂಗತಿಯನ್ನೇ ಅದು ದೊಡ್ಡದಾಗಿ ಸಾರುತ್ತದೆ. ಅದರ ಬದಲು ಹಾಳೆಯನ್ನೇ ತಿರುವಿ ಜೋಡಿಸಿ. ಮೊದಲ ಕಾಲಂನಲ್ಲಿ ಜೂನ್ 1ರಿಂದ ಮೇ 31ರವರೆಗಿನ ದಿನಗಳು, ಮುಂದಿನ ಕಾಲಂಗಳಲ್ಲಿ ಒಂದೊಂದು ಜಲವರ್ಷ. ಈಗ ಲೈನ್ ಚಾರ್ಟ್ ಹಾಕಿದರೆ ವರ್ಷಗಳು ಒಂದರ ಮೇಲೊಂದು ಬಂದು ಕೂರುತ್ತವೆ. 2023ರ ಗೆರೆ ತುದಿ ಮುಟ್ಟದೆ ಬಾಗುತ್ತದೆ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು, ಕಟ್ಟೆ ತುಂಬಲಿಲ್ಲ. 2024ರ ಗೆರೆ ಜುಲೈನಲ್ಲಿ ಗರಿಷ್ಠ ಮಟ್ಟವಾದ 124.80 ಅಡಿ ಮುಟ್ಟುತ್ತದೆ. 2025ರದು ಜೂನ್‌ನಲ್ಲೇ ನೆತ್ತಿಗೇರುತ್ತದೆ; ಜೂನ್ 30ರಂದು ಮುಖ್ಯಮಂತ್ರಿ ಬಾಗಿನ ಅರ್ಪಿಸಿದ್ದರು. ಗುಡ್ಡಗಳ ಸಾಲಿನಲ್ಲಿ ಈ ಒಂದು ತಿಂಗಳ ಅಂತರ ಕಣ್ಣಿಗೆ ಬೀಳುತ್ತಿರಲಿಲ್ಲ, ಇಲ್ಲಿ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ.

ವರ್ಷವನ್ನು ಜೂನ್‌ನಿಂದ ಶುರು ಮಾಡಿದ್ದೂ ಬೇಕೆಂದೇ. ಜನವರಿಯಿಂದ ಶುರು ಮಾಡಿದರೆ ಹಿಂದಿನ ಮಳೆಗಾಲದ ನೀರು ಖಾಲಿಯಾಗುವುದು ಮೊದಲು ಬಂದು, ಹೊಸ ಮಳೆಯ ಕಥೆ ನಡುವಿನಲ್ಲಿ ಕತ್ತರಿಸಿಹೋಗುತ್ತದೆ. ಶಾಲೆಯ ಅಂಕಿಯಾದರೆ ಶೈಕ್ಷಣಿಕ ವರ್ಷ, ಪಂಚಾಯಿತಿ ಲೆಕ್ಕವಾದರೆ ಏಪ್ರಿಲ್. ಫೆಬ್ರುವರಿ 29 ಒಂದು ಸಣ್ಣ ಕಿರಿಕಿರಿ. ಆ ಸಾಲನ್ನು ಇಟ್ಟು ಅಧಿಕ ವರ್ಷವಲ್ಲದ ಕಾಲಂನಲ್ಲಿ ಖಾಲಿ ಬಿಡಿ, ಅಥವಾ ತೆಗೆದೇಬಿಡಿ. ಮಟ್ಟದ ಲೆಕ್ಕದಲ್ಲಿ ಒಂದು ದಿನ ಹೋದರೆ ಪ್ರಪಂಚ ಮುಳುಗುವುದಿಲ್ಲ.

ಹತ್ತು ವರ್ಷ ಒಟ್ಟಿಗೆ ಹಾಕಬೇಕೆನಿಸಿದರೆ? ತಂತ್ರಾಂಶ ಹತ್ತು ಬಣ್ಣ ಕೊಟ್ಟು, ಕೆಳಗೆ ಬಣ್ಣಗಳ ಪಟ್ಟಿ ಬರೆದು, ಯಾವುದು ಯಾವುದೆಂದು ಹುಡುಕುವ ಕೆಲಸವನ್ನು ಓದುಗರಿಗೆ ಬಿಡುತ್ತದೆ. ಒಂಬತ್ತು ಹಳೆಯ ವರ್ಷಗಳಿಗೂ ಒಂದೇ ತೆಳು ಬೂದು ಬಣ್ಣ ಕೊಟ್ಟು, ಈ ವರ್ಷದ ಗೆರೆಯನ್ನಷ್ಟೇ ದಪ್ಪ ನೀಲಿ ಮಾಡಿ. ವರ್ಷದ ಹೆಸರನ್ನು ಗೆರೆಯ ತುದಿಯಲ್ಲೇ ಬರೆಯಿರಿ. ಬೂದು ಗೆರೆಗಳ ಗುಂಪೇ ‘ಸಾಮಾನ್ಯವಾಗಿ ಹೀಗಿರುತ್ತದೆ’ ಎನ್ನುತ್ತದೆ, ನೀಲಿ ಗೆರೆ ‘ಈ ಸಲ ಹೀಗಿದೆ’ ಎನ್ನುತ್ತದೆ. ನನ್ನ ಅಭಿಪ್ರಾಯದಲ್ಲಿ ಸ್ಪ್ರೆಡ್‌ಶೀಟ್‌ನಲ್ಲಿ ಬಣ್ಣವನ್ನು ಸೇರಿಸುವುದಕ್ಕಿಂತ ತೆಗೆಯುವುದರಲ್ಲೇ ಹೆಚ್ಚು ಜಾಣತನ ಬೇಕು.

ಹಲವು ಜಲಾಶಯಗಳನ್ನು ಒಟ್ಟಿಗೆ ಹೋಲಿಸಲು ಹೊರಟಾಗ ಹೊಸ ತಕರಾರು. ಗರಿಷ್ಠ ಮಟ್ಟ ನೋಡಿ: ಕೆಆರ್‌ಎಸ್ 124.80 ಅಡಿ, ಲಿಂಗನಮಕ್ಕಿ 1,819 ಅಡಿ, ತುಂಗಭದ್ರಾ 1,633 ಅಡಿ, ಆಲಮಟ್ಟಿ 519.60 ಮೀಟರ್. ಲಿಂಗನಮಕ್ಕಿಯ ಅಡಿ ಸಮುದ್ರಮಟ್ಟದಿಂದ ಎಣಿಸಿದ್ದು, ಕೆಆರ್‌ಎಸ್‌ನದು ಹಾಗಲ್ಲ. ನಾಲ್ಕನ್ನೂ ಒಂದೇ ಅಕ್ಷದ ಮೇಲೆ ಹಾಕಿದರೆ ಕನ್ನಂಬಾಡಿ ತಳದಲ್ಲಿ ಸತ್ತ ಗೆರೆಯಾಗಿ ಮಲಗುತ್ತದೆ. ಹಾಗಾದಾಗ ಕೈ ಹೋಗುವುದು ‘ಎರಡನೇ ಅಕ್ಷ’ ಎಂಬ ಸೌಲಭ್ಯದ ಕಡೆಗೆ: ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ. ಅದನ್ನು ಮುಟ್ಟದಿರುವುದೇ ಕ್ಷೇಮ. ಎರಡು ಅಕ್ಷಗಳನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸಿದರೆ ಯಾವ ಎರಡು ಗೆರೆಗಳನ್ನಾದರೂ ಎಲ್ಲಿ ಬೇಕಾದರೂ ಕತ್ತರಿಸುವಂತೆ ಮಾಡಬಹುದು. ನೋಡಿದವರು ಆ ಕತ್ತರಿಯಲ್ಲಿ ಏನೋ ಸಂಬಂಧ ಕಂಡುಕೊಳ್ಳುತ್ತಾರೆ.

ಎಲ್ಲವನ್ನೂ ಸಾಮರ್ಥ್ಯದ ಶೇಕಡಾವಾರಿಗೆ ಇಳಿಸುವುದು ಸರಿಯಾದ ದಾರಿ, ಅದೂ ಅಡಿಯಲ್ಲಲ್ಲ, ಟಿಎಂಸಿಯಲ್ಲಿ. ಜಲಾಶಯ ಬಟ್ಟಲಿನಂತೆ, ಮೇಲೆ ಹೋದಷ್ಟೂ ಅಗಲ. ಕೆಆರ್‌ಎಸ್‌ನ ಪೂರ್ಣ ಸಾಮರ್ಥ್ಯ 49.45 ಟಿಎಂಸಿ. ಮಟ್ಟ 100 ಅಡಿ ಎಂದಾಗ ಐದರಲ್ಲಿ ನಾಲ್ಕು ಪಾಲು ತುಂಬಿದೆ ಎಂದು ಖುಷಿಪಡುವವರಿದ್ದಾರೆ. ಆಗ ಒಳಗಿರುವ ನೀರು ಅರ್ಧಕ್ಕಿಂತ ಕಡಿಮೆ. ಅಡಿಯ ಗೆರೆ ಸಮಾಧಾನ ಹೇಳುತ್ತಿರುವಾಗಲೇ ಟಿಎಂಸಿಯ ಗೆರೆ ಎಚ್ಚರಿಕೆ ಕೊಡುತ್ತಿರುತ್ತದೆ. ಲಂಬ ಅಕ್ಷದ ಮೇಲೆ ಯಾವ ಅಳತೆ ಇಡುತ್ತೇವೆ ಎಂಬುದು ಚಾರ್ಟಿನ ಜಾತಿಗಿಂತಲೂ ದೊಡ್ಡ ಆಯ್ಕೆ ಎನ್ನಲು ಇಷ್ಟು ಸಾಕು.

ಅಕ್ಷ ಸೊನ್ನೆಯಿಂದ ಶುರುವಾಗಬೇಕೇ ಎಂಬ ಹಳೆಯ ವಾದಕ್ಕೂ ಇಲ್ಲೇ ಉತ್ತರವಿದೆ. ಕಂಬಕ್ಕೆ ಸೊನ್ನೆ ಬೇಕೇ ಬೇಕು, ಏಕೆಂದರೆ ಕಣ್ಣು ಅಳೆಯುವುದು ಅದರ ಉದ್ದವನ್ನು. ಬುಡ ಕತ್ತರಿಸಿದ ಕಂಬ ಸುಳ್ಳು ಹೇಳುತ್ತದೆ. ಗೆರೆಯಲ್ಲಿ ಕಣ್ಣು ನೋಡುವುದು ಚುಕ್ಕಿಯ ಸ್ಥಾನ ಮತ್ತು ಓರೆಯನ್ನು, ಹಾಗಾಗಿ ಕೆಆರ್‌ಎಸ್ ಮಟ್ಟದ ಗೆರೆಯನ್ನು 70 ಅಡಿಯಿಂದ ಶುರು ಮಾಡಿದರೆ ತಪ್ಪಿಲ್ಲ. ಅಕ್ಷದ ಅಂಕಿ ಸ್ಪಷ್ಟವಾಗಿ ಕಾಣುವಂತಿರಲಿ, ಅಷ್ಟೆ. ಕಣ್ಣು ಯಾವುದನ್ನು ಚೆನ್ನಾಗಿ ಅಳೆಯುತ್ತದೆ ಎಂಬುದನ್ನು 1984ರಲ್ಲಿ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಗಿಲ್ ಪ್ರಯೋಗದಿಂದ ತೋರಿಸಿದ್ದರು. ಒಂದೇ ಅಳತೆಗೋಲಿನ ಮೇಲಿನ ಸ್ಥಾನ ಎಲ್ಲಕ್ಕಿಂತ ಮುಂದೆ, ನಂತರ ಉದ್ದ. ಕೋನ, ವಿಸ್ತೀರ್ಣ, ಬಣ್ಣದ ಗಾಢತೆ ಇವೆಲ್ಲ ಹಿಂದೆ. ಪೈ ಚಾರ್ಟ್ ಕೋನದ ಮೇಲೆ ನಿಂತಿದೆ. ವರ್ಷಕ್ಕೊಂದರಂತೆ ಐದು ಪೈಗಳನ್ನು ಸಾಲಾಗಿಟ್ಟು ‘ಬದಲಾವಣೆ ನೋಡಿ’ ಎನ್ನುವವರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮೂರು ಆಯಾಮದ ಕಂಬಗಳ ಬಗ್ಗೆಯೂ.

ಅದೇ ಕ್ಲೀವ್‌ಲೆಂಡ್ ಪ್ಲೇಫೇರನ ಒಂದು ನಕ್ಷೆಯನ್ನೇ ಎತ್ತಿಕೊಂಡು ಇನ್ನೊಂದು ಸೂಕ್ಷ್ಮ ತೋರಿಸಿದ. ಅದು ಇಂಗ್ಲೆಂಡ್ ಮತ್ತು ಈಸ್ಟ್ ಇಂಡೀಸ್ ನಡುವಿನ 18ನೇ ಶತಮಾನದ ವ್ಯಾಪಾರದ ನಕ್ಷೆ, ಆಮದಿಗೊಂದು ಗೆರೆ, ರಫ್ತಿಗೊಂದು ಗೆರೆ. ಎರಡರ ನಡುವಿನ ಅಂತರವನ್ನು ಬೇರೆಯಾಗಿ ಕಳೆದು ಗೆರೆ ಎಳೆದಾಗ, 1760ರ ಆಚೆಗೆ ಅಂತರ ಥಟ್ಟನೆ ಏರಿ ಇಳಿದದ್ದು ಕಂಡಿತು. ಮೂಲ ನಕ್ಷೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವಂತಿಲ್ಲ. ಎರಡು ಓರೆ ಗೆರೆಗಳ ನಡುವೆ ಕಣ್ಣು ಅತಿ ಹತ್ತಿರದ ದೂರವನ್ನು ಹಿಡಿಯುತ್ತದೆ, ನೇರ ಲಂಬದ ದೂರವನ್ನಲ್ಲ. ಅಂತರವೇ ನಿಮ್ಮ ಪ್ರಶ್ನೆಯಾದರೆ ಅಂತರವನ್ನೇ ಚಾರ್ಟಿಗೆ ಹಾಕಬೇಕು. ಕರ್ನಾಟಕದ ಸಾಕ್ಷರತೆ: 1991ರಲ್ಲಿ ಗಂಡಸರದು ಶೇ 67.26, ಹೆಂಗಸರದು ಶೇ 44.34, 2011ರಲ್ಲಿ ಶೇ 82.47 ಮತ್ತು ಶೇ 68.08. ಎರಡು ಗೆರೆಗಳೂ ಏರುತ್ತವೆ, ಸಭೆ ಚಪ್ಪಾಳೆ ತಟ್ಟುತ್ತದೆ. ಕಳೆದು ನೋಡಿದರೆ ಅಂತರ 22.92ರಿಂದ 2001ರಲ್ಲಿ 19.23ಕ್ಕೆ, ಅಲ್ಲಿಂದ 2011ರಲ್ಲಿ 14.39ಕ್ಕೆ ಇಳಿದಿದೆ. ಎರಡನೆಯ ದಶಕದಲ್ಲಿ ಇಳಿಕೆ ಚುರುಕಾದ ಸಂಗತಿ ಮೂರು ಪುಟ್ಟ ಕಂಬಗಳಲ್ಲಿ ಎದ್ದು ಕಾಣುತ್ತದೆ.

ಜನಗಣತಿಯ ಅಂಕಿಗಳಲ್ಲಿ ಈ ಆಟ ಇನ್ನೂ ಸೊಗಸು. ಈಗಿನ ರಾಜ್ಯದ ಗಡಿಗೆ ಹೊಂದಿಸಿದ ಜನಸಂಖ್ಯೆ 1971ರಲ್ಲಿ 2.93 ಕೋಟಿ, 1981ರಲ್ಲಿ 3.71, 1991ರಲ್ಲಿ 4.50, 2001ರಲ್ಲಿ 5.29, 2011ರಲ್ಲಿ 6.11 ಕೋಟಿ. ಗೆರೆ ಎಳೆದರೆ ನಲವತ್ತು ವರ್ಷದಲ್ಲಿ ದುಪ್ಪಟ್ಟಿಗೂ ಹೆಚ್ಚಾದ ಏರುದಾರಿ. ಪ್ರತಿ ದಶಕದಲ್ಲಿ ಸೇರಿದ ಜನರನ್ನು ಕಂಬ ಮಾಡಿದರೆ ಮೊದಲ ಮೂರು ಕಂಬಗಳು ಹೆಚ್ಚುಕಡಿಮೆ ಒಂದೇ ಎತ್ತರ, 78 ಲಕ್ಷದ ಆಚೀಚೆ. ನಾಲ್ಕನೆಯದು ಮಾತ್ರ 82 ಲಕ್ಷ. ಬೆಳವಣಿಗೆಯ ದರವನ್ನು ಕಂಬ ಮಾಡಿದರೆ ಶೇ 26.75, 21.12, 17.51, 15.60 ಎಂದು ಇಳಿಯುವ ಮೆಟ್ಟಿಲು. ‘ಜನಸಂಖ್ಯೆ ಏರುತ್ತಲೇ ಇದೆ’, ‘ಏರಿಕೆ ಹೆಚ್ಚೇನೂ ಬದಲಾಗಿಲ್ಲ’, ‘ಏರಿಕೆ ಕುಗ್ಗುತ್ತಿದೆ’ ಎಂಬ ಮೂರು ತಲೆಬರಹಗಳೂ ಒಂದೇ ಐದು ಅಂಕಿಗಳಿಂದ ಹುಟ್ಟಿವೆ, ಮೂರೂ ನಿಜ. ಚರ್ಚೆಯಲ್ಲಿ ಎದುರಾಳಿ ಯಾವ ಚಾರ್ಟ್ ತಂದಿದ್ದಾನೆ ಎಂದು ನೋಡಿದರೆ ಅವನ ವಾದ ಎತ್ತ ಹೊರಟಿದೆ ಎಂದು ಬಾಯಿ ತೆರೆಯುವ ಮೊದಲೇ ತಿಳಿಯುತ್ತದೆ. ಶಾಲೆ ಕಟ್ಟಿಸಬೇಕಾದವನಿಗೆ ಎಷ್ಟು ಜನ ಸೇರಿದರು ಎಂಬುದು ಮುಖ್ಯ, ಕುಟುಂಬಗಳು ಚಿಕ್ಕದಾಗುತ್ತಿವೆಯೇ ಎಂದು ಕೇಳುವವನಿಗೆ ದರ ಮುಖ್ಯ.

ಇನ್ನು ಹಾಳೆಯ ಸ್ವಂತ ತುಂಟಾಟಗಳು. ಮೊದಲ ಕಾಲಂಗೆ ‘ವರ್ಷ’ ಎಂದು ತಲೆಬರಹ ಕೊಟ್ಟು ಚಾರ್ಟ್ ಹಾಕಿದರೆ ಎಕ್ಸೆಲ್ ಅದನ್ನೂ ಒಂದು ಅಂಕಿಸಾಲು ಎಂದೇ ಭಾವಿಸಿ, 2000ದ ಎತ್ತರದಲ್ಲಿ ಒಂದು ಚಪ್ಪಟೆ ಗೆರೆ ಎಳೆಯುವುದುಂಟು. ಆ ಮೂಲೆಯ ಕೋಶವನ್ನು ಖಾಲಿ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಳತೆ ಸಿಗದ ದಿನ ಸೊನ್ನೆ ತುಂಬಿದರೆ ಅಣೆಕಟ್ಟು ಒಂದೇ ದಿನ ಬರಿದಾಗಿ ಮರುದಿನ ತುಂಬಿದಂತೆ ಕಾಣುತ್ತದೆ. ‘ಇಲ್ಲ’ ಎಂದು ಅಕ್ಷರದಲ್ಲಿ ಬರೆದರೂ ಲೈನ್ ಚಾರ್ಟ್ ಅದನ್ನು ಸೊನ್ನೆಯಾಗಿಯೇ ಎಣಿಸುತ್ತದೆ. ಕೋಶ ಖಾಲಿಯೇ ಇರಲಿ. ದಿನಾಂಕಗಳು ಕೋಶದ ಎಡಕ್ಕೆ ಅಂಟಿಕೊಂಡಿದ್ದರೆ ಅವು ದಿನಾಂಕಗಳಲ್ಲ, ಬರಿಯ ಅಕ್ಷರಗಳು. ಕಂಪ್ಯೂಟರಿನಲ್ಲಿ ಅಮೆರಿಕದ ಪದ್ಧತಿ ಕೂತಿದ್ದರೆ 13/06 ಎಂಬ ನಮ್ಮ ಜೂನ್ 13 ಅದಕ್ಕೆ ಅರ್ಥವಾಗದೆ ಹೋಗಬಹುದು. 1876ರ ಬರಗಾಲದ ಧಾನ್ಯದ ಬೆಲೆಗಳನ್ನು ದಿನಾಂಕ ಸಮೇತ ತುಂಬಲು ಹೊರಟವರಿಗೆ ಇನ್ನೊಂದು ಗೋಡೆ ಎದುರಾಗುತ್ತದೆ: ವಿಂಡೋಸ್ ಎಕ್ಸೆಲ್‌ನ ಪಂಚಾಂಗ 1900ರ ಜನವರಿ 1ರಿಂದಲೇ ಶುರು. ನಿಜದಲ್ಲಿ ಇಲ್ಲದ 1900ರ ಫೆಬ್ರುವರಿ 29 ಆ ಪಂಚಾಂಗದಲ್ಲಿ ಇದೆ! ಹಳೆಯ ಲೋಟಸ್ 1-2-3 ತಂತ್ರಾಂಶದ ತಪ್ಪನ್ನು, ಅದರ ಕಡತಗಳಿಗೆ ಹೊಂದಿಕೆಯಾಗಲೆಂದು, ಎಕ್ಸೆಲ್ ಹಾಗೆಯೇ ಉಳಿಸಿಕೊಂಡಿತು.

ಅಂಕಿ ಸರಿಯಿದ್ದೂ ಚಾರ್ಟ್ ದಾರಿ ತಪ್ಪಿಸುವುದುಂಟು. ಧಾರವಾಡ ಜಿಲ್ಲೆಯ ಜನಸಂಖ್ಯೆ 1991ರಲ್ಲಿ 35 ಲಕ್ಷ, 2001ರಲ್ಲಿ 16 ಲಕ್ಷ. ಜನ ಊರು ಬಿಟ್ಟು ಹೋಗಲಿಲ್ಲ. 1997ರಲ್ಲಿ ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾದವು. ಅದೇ ವರ್ಷ ಉಡುಪಿ, ದಾವಣಗೆರೆ, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರಗಳೂ ಹುಟ್ಟಿದವು. ಜಿಲ್ಲೆಗಳ ಹಳೆಯ ಅಂಕಿ ಹೋಲಿಸುವವರು ಮೊದಲು ಹೊಸ ಜಿಲ್ಲೆಗಳನ್ನು ಹಳೆಯದಕ್ಕೆ ಕೂಡಿಸಬೇಕು, ಅಥವಾ ತಾಲ್ಲೂಕುಗಳಿಗೆ ಇಳಿದು ಹಳೆಯದನ್ನು ಒಡೆಯಬೇಕು. ಎರಡೂ ಸಾಧ್ಯವಾಗದಿದ್ದರೆ ಗೆರೆಯನ್ನು 1997ರಲ್ಲಿ ಕಡಿದು, ಅಲ್ಲೇ ಕಾರಣ ಬರೆಯುವುದು ಮರ್ಯಾದೆ.

ಕಾಲದ ಅಂತರಗಳೂ ಸಮವಾಗಿರುವುದಿಲ್ಲ. ನಮ್ಮ ವಿಧಾನಸಭೆ ಚುನಾವಣೆಗಳು 1978, 1983, 1985, 1989, 1994ರಲ್ಲಿ ನಡೆದವು. ಮತದಾನದ ಪ್ರಮಾಣವನ್ನು ಮಾಮೂಲಿ ಲೈನ್ ಚಾರ್ಟಿಗೆ ಹಾಕಿದರೆ ಅದು ವರ್ಷಗಳನ್ನು ಹೆಸರುಗಳಂತೆ ಎಣಿಸಿ ಸಮದೂರದಲ್ಲಿ ಕೂರಿಸುತ್ತದೆ. 1983 ಮತ್ತು 1985ರ ನಡುವಿನ ಎರಡು ವರ್ಷ, ಹಿಂದಿನ ಐದು ವರ್ಷದಷ್ಟೇ ಜಾಗ ಹಿಡಿಯುತ್ತದೆ. ಗೆರೆ ಸಹಿತ ಸ್ಕ್ಯಾಟರ್ ಚಾರ್ಟ್ ಆರಿಸಿದರೆ ವರ್ಷಗಳು ಸಂಖ್ಯೆಗಳಾಗಿ ತಮ್ಮ ತಮ್ಮ ಜಾಗಕ್ಕೆ ಹೋಗುತ್ತವೆ.

ಜನಗಣತಿಗೆ ಈವರೆಗೆ ಈ ತಾಪತ್ರಯ ಇರಲಿಲ್ಲ. 1901ರಿಂದ 2011ರವರೆಗೆ ಹತ್ತು ವರ್ಷಕ್ಕೊಂದು ಚುಕ್ಕಿ, ಗಡಿಯಾರದ ಹಾಗೆ. 2021ರ ಗಣತಿ ನಡೆಯಲಿಲ್ಲ, ಮುಂದಿನದರ ಉಲ್ಲೇಖ ದಿನ 2027ರ ಮಾರ್ಚ್ 1. ಆ ಅಂಕಿಯನ್ನು ಹಳೆಯ ಹಾಳೆಯ ಕೊನೆಗೆ ಸೇರಿಸಿ ಅದೇ ಲೈನ್ ಚಾರ್ಟ್ ಹಾಕುವವರಿಗೆ ಹದಿನಾರು ವರ್ಷದ ಏರಿಕೆ ಹತ್ತು ವರ್ಷದ ಜಾಗದಲ್ಲಿ ನೆಟ್ಟಗೆ ನಿಂತು, ಜನಸಂಖ್ಯೆ ದಿಢೀರನೆ ಸ್ಫೋಟಿಸಿದಂತೆ ಕಾಣುತ್ತದೆ. 2021ಕ್ಕೆಂದು ಒಂದು ಸಾಲು ಖಾಲಿ ಬಿಟ್ಟರೆ ತಪ್ಪು ತಿರುವುಮುರುವಾಗುತ್ತದೆ: 2027ರ ಚುಕ್ಕಿ 2031ರ ಜಾಗದಲ್ಲಿ ಕೂತು ಏರಿಕೆ ಮಂದವಾದಂತೆ ತೋರುತ್ತದೆ. ದಶಕದ ಬೆಳವಣಿಗೆ ದರದ ಕಂಬವೂ ನಿಲ್ಲುವುದಿಲ್ಲ, ವಾರ್ಷಿಕ ದರಕ್ಕೆ ಇಳಿಸಿಯೇ ಹಳೆಯ ಕಂಬಗಳ ಪಕ್ಕ ಇಡಬೇಕು. ಜನಸಂಖ್ಯೆಯ ಗೆರೆಗೆ ಸ್ಕ್ಯಾಟರ್ ಚಾರ್ಟನ್ನು ಈಗಲೇ ಸಿದ್ಧ ಮಾಡಿಟ್ಟುಕೊಳ್ಳಬಹುದು, ಒಂದು ಅಂಕಿ ಮಾತ್ರ ಬಾಕಿ.